ಮಳೆನಾಡಿನ ತೋಟಕ್ಕೆ ಬರಗಾಲದ ಹೂವು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಂಗಳೂರಿನವರಿಗೆ ಬರವನ್ನು ತಾಳುವ ಹೂಗಿಡಗಳ ವಿಚಾರವನ್ನು ಹೇಳಹೊರಡುವುದು ಕಡಲತಡಿಯವರಿಗೆ ಉಪ್ಪು ಮಾರಹೊರಟಂತೆ ಕಾಣಬಹುದು. ಆದರೆ ಮಳೆಯ ಲೆಕ್ಕವನ್ನು ವರ್ಷದ ಮೊತ್ತದಿಂದ ಅಳೆಯುವುದು ಒಂದು ಭ್ರಮೆ. ಗಿಡವು ಬದುಕುವುದು ಮೊತ್ತದ ಮೇಲಲ್ಲ, ದಿನದಿನದ ಹಂಚಿಕೆಯ ಮೇಲೆ. ಜುಲೈ ತಿಂಗಳೊಂದರಲ್ಲಿಯೇ ಸುಮಾರು 1000 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ, ಡಿಸೆಂಬರಿನಿಂದ ಮಾರ್ಚಿಯವರೆಗಿನ ನಾಲ್ಕು ತಿಂಗಳುಗಳಲ್ಲಿ ಬೀಳುವ ಒಟ್ಟು ಮಳೆಯು ಮುಂಗಾರಿನ ಒಂದು ಒಳ್ಳೆಯ ದಿನದ ಮಳೆಗೂ ಸಮನಾಗದು. ಒಂದೇ ಊರಿನೊಳಗೆ ಎರಡು ನಾಡುಗಳಿವೆ: ಒಂದು ಮಳೆಯ ನಾಡು, ಇನ್ನೊಂದು ಬಿಸಿಲಿನ ನಾಡು. ನಮ್ಮ ಹೂದೋಟಗಳನ್ನು ನಾವು ಮೊದಲನೆಯ ನಾಡಿಗಾಗಿಯೇ ಕಟ್ಟಿ, ಎರಡನೆಯ ನಾಡಿನಲ್ಲಿ ಅವುಗಳನ್ನು ನಲ್ಲಿಯ ನೀರಿನಿಂದ ಬದುಕಿಸಲು ಹೆಣಗುತ್ತಿದ್ದೇವೆ. ಈ ಪದ್ಧತಿಯನ್ನು ಬಿಡಬೇಕು. ಬಿಸಿಲಿನ ನಾಡಿಗೆ ತಕ್ಕ ಹೂಗಳನ್ನು ಬೀಜದಿಂದಲೇ ಬೆಳೆಯಬೇಕು ಎಂಬುದು ಈ ಲೇಖನದ ವಾದ.

ಬಿಜೈಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1960ರಲ್ಲಿ ಸಾರ್ವಜನಿಕರಿಗೆ ತೆರೆಯಲಾದ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯದಿಂದ ಪ್ರಸಿದ್ಧವಾದ ಈ ಭಾಗವು ಮುರಕಲ್ಲಿನ ಏರುತಗ್ಗುಗಳ ಮೇಲೆ ಹಬ್ಬಿಕೊಂಡಿದೆ. ಮುರಕಲ್ಲು ರಂಧ್ರಮಯವಾದುದು. ಅದರ ಮೇಲೆ ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಹೋಗುವಾಗ ಮಣ್ಣಿನ ಸುಣ್ಣವನ್ನೂ ಪೊಟ್ಯಾಸಿಯಮ್ಮನ್ನೂ ಕರಗಿಸಿಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಮ್ ಆಕ್ಸೈಡುಗಳಿಂದ ಕೆಂಪೇರಿದ, ಆಮ್ಲಗುಣದ ಬಡಮಣ್ಣು. ಇಂಥ ಮಣ್ಣಿನ ಮೇಲೆ ಹುಲ್ಲುಹಾಸನ್ನು ಹಾಸಿ, ಗುಲಾಬಿಯನ್ನು ನೆಟ್ಟು, ಏಪ್ರಿಲ್ ತಿಂಗಳಲ್ಲಿ ಕೊಳವೆ ಹಿಡಿದು ನಿಲ್ಲುವುದನ್ನೇ ನಾವು ತೋಟಗಾರಿಕೆಯೆಂದು ತಿಳಿದಿದ್ದೇವೆ.

ಆ ನೀರು ಎಲ್ಲಿಂದ ಬರುತ್ತದೆ? ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಅಣೆಕಟ್ಟಿನಿಂದ. 2016ರ, 2019ರ ಮತ್ತು 2023ರ ಬೇಸಗೆಗಳಲ್ಲಿ ಅಲ್ಲಿನ ನೀರಿನ ಮಟ್ಟ ಕುಸಿದು, ನಗರಕ್ಕೆ ನೀರನ್ನು ಸರದಿಯ ಮೇಲೆ ಹಂಚಬೇಕಾಯಿತು. ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡಿ ನೋಡಬಹುದು. ಬೇಸಗೆಯ ದಿನವೊಂದರಲ್ಲಿ ಹಸಿರು ಹುಲ್ಲುಹಾಸು 5 ಮಿಲಿಮೀಟರ್ ಎತ್ತರದಷ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆಂದು ಹಿಡಿಯೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಆದುದರಿಂದ 10 ಚದರ ಮೀಟರಿನ ಪುಟ್ಟ ಹುಲ್ಲುಹಾಸಿಗೆ ದಿನಕ್ಕೆ 50 ಲೀಟರ್ ಬೇಕು. ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಗಳಿಗೆ, ನಡುವೆ ಬೀಳುವ ಬೇಸಗೆಯ ಮಳೆಯನ್ನು ಬದಿಗಿಟ್ಟರೆ, 6000 ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಅಳತೆ. ಒಂದು ಕೋಣೆಯಷ್ಟು ಅಗಲದ ಹುಲ್ಲು ಒಬ್ಬ ಮನುಷ್ಯನ 44 ದಿನಗಳ ನೀರನ್ನು, ಅದೂ ನೀರಿಗೆ ಬರವಿರುವ ತಿಂಗಳುಗಳಲ್ಲಿಯೇ, ಕುಡಿದುಬಿಡುತ್ತದೆ.

ಹಾಗಾದರೆ ತೋಟವೇ ಬೇಡವೆ? ಹಾಗೆ ಹೇಳುವವರೂ ಉಂಟು. ಆ ಮಾತು ನನಗೆ ಸಮ್ಮತವಲ್ಲ. ಹೂವಿಲ್ಲದ ಊರು ಬಡ ಊರು. ಮೊಂತಿ ಹಬ್ಬದ ಮುನ್ನಾದಿನಗಳಲ್ಲಿ ಮಕ್ಕಳು ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ನಡೆಯುವ, ನವರಾತ್ರಿಯಲ್ಲಿ ಗೊಂಡೆ ಹೂವಿನ ಮಾಲೆಗಳು ಬೀದಿಬೀದಿಗಳಲ್ಲಿ ತೂಗುವ ಈ ಊರಿಗೆ ಹೂ ಬೇಡವೆಂದು ಉಪದೇಶಿಸುವುದು ವ್ಯರ್ಥ. ನಮಗೆ ಬೇಕಾದುದು ಹೂವಿನ ತ್ಯಾಗವಲ್ಲ, ಹೂವಿನ ಆಯ್ಕೆ.

ಈ ಆಯ್ಕೆಯಲ್ಲಿ ನಮಗೆ ದಾರಿ ತೋರಿಸುವುದು ಡೇಸಿಗಳು, ಅಂದರೆ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಹೂಗಳು. ಸಸ್ಯಶಾಸ್ತ್ರಜ್ಞರು ಇದನ್ನು ಆಸ್ಟರೇಸಿ ಎನ್ನುತ್ತಾರೆ. 23 ಸಾವಿರಕ್ಕೂ ಹೆಚ್ಚು ಜಾತಿಗಳುಳ್ಳ ಈ ಕುಟುಂಬದಲ್ಲಿ ನಾವು ಒಂದು ಹೂವೆಂದು ಕರೆಯುವುದು ನಿಜವಾಗಿ ಒಂದು ಹೂವಲ್ಲ, ಅದೊಂದು ಊರು. ಹೊರಸುತ್ತಿನಲ್ಲಿ ಎಸಳಿನಂತೆ ಕಾಣುವ ಒಂದೊಂದೂ ಒಂದು ಕಿರಣಪುಷ್ಪ. ನಡುವಿನ ಬಿಲ್ಲೆಯಲ್ಲಿ ಒತ್ತೊತ್ತಾಗಿರುವ ಚುಕ್ಕೆಗಳು ಒಂದೊಂದೂ ಒಂದು ಬಿಲ್ಲೆಪುಷ್ಪ. ಇವೆಲ್ಲವೂ ಸೇರಿದ ಚೆಂಡುಮಂಜರಿಯನ್ನು ನಾವು ಹೂವೆಂದು ಕಿವಿಗೆ ಮುಡಿಯುತ್ತೇವೆ. ಕಾಸ್ಮಾಸ್ ಹೂವಿನ ಹೊರಸುತ್ತಿನ ಕಿರಣಗಳನ್ನು ಎಣಿಸಿರಿ. ಸಾಮಾನ್ಯವಾಗಿ ಎಂಟು ದೊರೆಯುತ್ತವೆ. ಸೂರ್ಯಕಾಂತಿಯ ಬಿಲ್ಲೆಯಲ್ಲಿ ಸುತ್ತುವ ಸಾಲುಗಳನ್ನು ಎಣಿಸಿದರೆ 34, 55 ಎಂಬ ಸಂಖ್ಯೆಗಳು ಬರುತ್ತವೆ. ಹಿಂದಿನೆರಡನ್ನು ಕೂಡಿಸಿದರೆ ಮುಂದಿನದು ದೊರೆಯುವ 1, 1, 2, 3, 5, 8, 13, 21, 34, 55 ಎಂಬ ಸರಣಿಯ ಸಂಖ್ಯೆಗಳಿವು. ಒಂದೊಂದು ಹೊಸ ಮೊಗ್ಗೂ ಹಿಂದಿನದರಿಂದ ಸುಮಾರು 137.5 ಅಂಶ ಸರಿದು ಹುಟ್ಟುವುದೇ ಇದರ ಗುಟ್ಟು. ಹಿತ್ತಿಲಿನಲ್ಲಿ ಗಣಿತದ ಪಾಠವೂ ದೊರೆಯುವ ತೋಟಕ್ಕೆ ಖರ್ಚು ಬೀಜದ ಒಂದು ಪೊಟ್ಟಣ ಮಾತ್ರ.

ಇನ್ನು, ಏಕವಾರ್ಷಿಕಗಳೇ ಏಕೆ? ಬರವನ್ನು ಎದುರಿಸಲು ಗಿಡಗಳಿಗೆ ಎರಡು ಹಾದಿಗಳಿವೆ. ಒಂದು ಸಹನೆಯ ಹಾದಿ: ಆಳಕ್ಕಿಳಿಯುವ ಬೇರು, ಕಿರಿದಾದ ಎಲೆ, ಮೈಮೇಲೆ ನವಿರಾದ ರೋಮ, ಇವುಗಳಿಂದ ನೀರನ್ನು ಹುಡುಕಿ ಹಿಡಿದಿಟ್ಟುಕೊಳ್ಳುವುದು. ಇನ್ನೊಂದು ಪಲಾಯನದ ಹಾದಿ: ತೇವವಿರುವಷ್ಟರಲ್ಲಿ ಮೊಳೆತು, ಬೆಳೆದು, ಹೂಬಿಟ್ಟು, ಬರವು ಬಾಗಿಲಿಗೆ ಬರುವ ವೇಳೆಗೆ ಬೀಜವಾಗಿ ಹೋಗುವುದು. ಒಣಗಿದ ಬೀಜದಲ್ಲಿ ಜೀವವ್ಯಾಪಾರ ಬಹುಮಟ್ಟಿಗೆ ನಿಂತಿರುತ್ತದೆ. ಅದಕ್ಕೆ ನೀರು ಬೇಡ. ಮಾರ್ಚಿಯಲ್ಲಿ ಸತ್ತ ಗಿಡವು ಏಪ್ರಿಲಿನಲ್ಲಿ ನೀರು ಕೇಳುವುದಿಲ್ಲ. ಏಕವಾರ್ಷಿಕ ಡೇಸಿಗಳಲ್ಲಿ ಹಲವು ಈ ಎರಡು ಹಾದಿಗಳನ್ನೂ ಒಟ್ಟಿಗೆ ಹಿಡಿದಿವೆ. ನಮ್ಮ ಬಿಸಿಲಿನ ನಾಡಿಗೆ ಇದಕ್ಕಿಂತ ಒಪ್ಪುವ ಗುಣ ಬೇರೊಂದಿಲ್ಲ.

ಈ ವಿದ್ಯೆಯ ಅತಿಶಯವನ್ನು ಕಾಣಬೇಕಾದರೆ ದಕ್ಷಿಣ ಆಫ್ರಿಕದ ವಾಯವ್ಯದಲ್ಲಿರುವ ನಮಾಕ್ವಾಲ್ಯಾಂಡಿಗೆ ಹೋಗಬೇಕು. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್; ಮಂಗಳೂರಿನ ಜುಲೈಯ ಒಂದು ವಾರದ ಮಳೆಯಷ್ಟು. ಆದರೂ ಚಳಿಗಾಲದ ಮಳೆ ಮುಗಿದೊಡನೆ, ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ಆ ಬರಡುನೆಲವೆಲ್ಲ ಕಿತ್ತಳೆ ಬಣ್ಣದ ಡೇಸಿಗಳಿಂದ ಮುಚ್ಚಿಹೋಗುತ್ತದೆ. ಅವುಗಳಲ್ಲಿ ಮುಖ್ಯವಾದ ಡೈಮಾರ್ಫೊಥೀಕ ಎಂಬುದರ ಹೆಸರಿನ ಅರ್ಥವೇ ‘ಎರಡು ರೂಪದ ಕಾಯುಳ್ಳದ್ದು’ ಎಂದು. ಒಂದೇ ಹೂವಿನಲ್ಲಿ ಬಿಲ್ಲೆಪುಷ್ಪಗಳಿಂದ ರೆಕ್ಕೆಯುಳ್ಳ ಚಪ್ಪಟೆ ಕಾಯಿಗಳೂ, ಕಿರಣಪುಷ್ಪಗಳಿಂದ ರೆಕ್ಕೆಯಿಲ್ಲದ ಒರಟು ಕಾಯಿಗಳೂ ಆಗುತ್ತವೆ. ಮೊದಲನೆಯವು ಗಾಳಿಗೆ ಹಾರಿ ಬೇಗ ಮೊಳೆಯುತ್ತವೆ. ಎರಡನೆಯವು ನಿದ್ರಿಸುತ್ತ ಕಾಯುತ್ತವೆ. ಮಳೆ ಕೈಕೊಟ್ಟ ವರ್ಷ ಬೇಗ ಮೊಳೆತವು ಸತ್ತರೂ ಮಲಗಿದವು ಉಳಿಯುತ್ತವೆ. ಎಲ್ಲ ಬೀಜಗಳನ್ನೂ ಒಂದೇ ವರ್ಷದ ಮೇಲೆ ಪಣವೊಡ್ಡದಿರುವ ಈ ಎಚ್ಚರಿಕೆಯನ್ನು 1966ರಲ್ಲಿ ಇಸ್ರೇಲಿನ ಡ್ಯಾನ್ ಕೊಹೆನ್ ಗಣಿತದ ಸೂತ್ರಗಳಲ್ಲಿ ನಿರೂಪಿಸಿದನು. ಮಳೆಯನ್ನೇ ನಂಬಿದ ರೈತನೂ ತನ್ನ ಕಣಜದ ಬಿತ್ತವನ್ನೆಲ್ಲ ಮೊದಲ ಮಳೆಗೇ ಚೆಲ್ಲುವುದಿಲ್ಲ.

ಹೀಗೆಂದು ನಮಾಕ್ವಾಲ್ಯಾಂಡಿನ ಬೀಜಗಳನ್ನು ತರಿಸಿ ಬಿಜೈಯಲ್ಲಿ ಬಿತ್ತಬೇಕೆಂದು ನನ್ನ ಸಲಹೆಯಲ್ಲ. ಅವು ತಂಪು ರಾತ್ರಿಗಳಿಗೆ ಹೊಂದಿಕೊಂಡ ಗಿಡಗಳು. ಬೆಂಗಳೂರಿನ ಅಥವಾ ಚಿಕ್ಕಮಗಳೂರಿನ ಚಳಿಗಾಲದಲ್ಲಿ ಅವು ಒಗ್ಗಬಹುದು. ಜನವರಿಯಲ್ಲಿಯೂ ಬೆವರು ಬಿಡದ ಕರಾವಳಿಯಲ್ಲಿ ಅವಕ್ಕೆ ನೆಲೆಯಿಲ್ಲ. ಬರವನ್ನು ತಾಳುವುದೆಂಬುದು ನೀರಿನ ಮಾತಷ್ಟೇ ಅಲ್ಲ, ಶಾಖದ ಮಾತೂ ಹೌದು, ಗಾಳಿಯ ತೇವದ ಮಾತೂ ಹೌದು. ನಮಗೆ ಬೇಕಾದುದು ಬೇಸಗೆಯಲ್ಲಿ ಮಳೆ, ಅನಂತರ ದೀರ್ಘವಾದ ಒಣಹವೆ, ಸದಾ ಬೆಚ್ಚಗಿನ ನೆಲ ಎಂಬ ಲಯವುಳ್ಳ ದೇಶದ ಹೂಗಳು. ಅಂಥ ದೇಶ ಮೆಕ್ಸಿಕೊ. ನಮ್ಮ ದೀಪಾವಳಿಗೆ ಬೇಕೇಬೇಕಾದ ಗೊಂಡೆ ಹೂವು ಅಲ್ಲಿಂದಲೇ ಬಂದುದು. ಜೀನಿಯಾ, ಕಾಸ್ಮಾಸ್‍ಗಳ ತೌರೂ ಅದೇ. ಗಲಾರ್ಡಿಯಾ ಮೆಕ್ಸಿಕೊದ ಉತ್ತರಭಾಗಕ್ಕೂ ಅಮೆರಿಕದ ದಕ್ಷಿಣಭಾಗಕ್ಕೂ ಸೇರಿದ್ದು. ಅಮೆರಿಕದ ಕಡಲಂಚಿನ ಮರಳುದಿಬ್ಬಗಳ ಮೇಲೆ ಉಪ್ಪುಗಾಳಿಯನ್ನು ಸಹಿಸಿ ಅರಳುವ ಹೂವು. ಕೆಂಪು, ಹಳದಿ ಬಣ್ಣಗಳ ಅದರ ರೋಮಭರಿತ ಗಿಡವನ್ನು ಕಡಲಗಾಳಿ ಬೀಸುವ ನಮ್ಮ ಊರಿಗೆ ನಾನು ಮೊದಲ ಆಯ್ಕೆಯಾಗಿ ಹೇಳುವೆನು.

ನಮ್ಮ ನಾಡಿನಲ್ಲಿಯೇ ಬೇರೂರಿದ ಇನ್ನೊಂದು ಡೇಸಿಯನ್ನು ಮರೆಯಬಾರದು. ಅದೇ ಹುಚ್ಚೆಳ್ಳು. ಇಥಿಯೋಪಿಯದ ಮೂಲದ್ದೆಂದು ಹೇಳಲಾಗುವ ಈ ಎಣ್ಣೆಬೀಜವನ್ನು ಮೈಸೂರು ಸೀಮೆಯ ರೈತರು ರಾಗಿಯ ಹೊಲಗಳಲ್ಲಿ ಸಾಲುಸಾಲಾಗಿ ಬಿತ್ತುತ್ತ ಬಂದಿದ್ದಾರೆ. ಗೊಬ್ಬರವಿಲ್ಲದ, ನೀರಾವರಿಯಿಲ್ಲದ ನೆಲದಲ್ಲಿ ಅದು ಬಂಗಾರದ ಬಣ್ಣದ ಹೂ ಬಿಡುತ್ತದೆ. ತನ್ನದೇ ಪರಾಗದಿಂದ ಅದು ಫಲಿಸಲಾರದು; ಜೇನ್ನೊಣಗಳನ್ನು ಕರೆಯಲೇಬೇಕು. ದಿನಸಿ ಅಂಗಡಿಯಲ್ಲಿ ಚಟ್ನಿಪುಡಿಗೆಂದು ಮಾರುವ ಹುಚ್ಚೆಳ್ಳಿನ ಒಂದು ಹಿಡಿ ಸಾಕು, ವಿದ್ಯಾರ್ಥಿಯೊಬ್ಬನ ತೋಟ ಆರಂಭವಾಗಲು. ನಮ್ಮ ರೈತರು ತಲೆಮಾರುಗಳಿಂದ ಬಲ್ಲ ವಿದ್ಯೆಯನ್ನೇ ನಗರದವರು ಈಗ ಕಲಿಯಬೇಕಾಗಿದೆ.

ಬಿತ್ತುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮಂಗಳೂರಿನಲ್ಲಿ ಬಿತ್ತನೆಗೆ ತಕ್ಕ ಕಾಲ ಮುಂಗಾರು ಹಿಂದೆ ಸರಿದ ಮೇಲೆ, ನವರಾತ್ರಿಯ ಆಸುಪಾಸು. ಆಗ ನೆಲದೊಳಗೆ ತೇವ ಉಳಿದಿರುತ್ತದೆ, ನೇತ್ರಾವತಿ ಇನ್ನೂ ತುಂಬಿ ಹರಿಯುತ್ತಿರುತ್ತದೆ, ಒಂದೆರಡು ಹಿಂಗಾರು ಮಳೆಗಳೂ ಸಹಾಯಕ್ಕೆ ಬರುತ್ತವೆ. ಎಳೆಯ ಸಸಿಗಳಿಗೆ ನೀರು ಬೇಕಾದ ಮೊದಲ ಐದಾರು ವಾರಗಳು ಹೀಗೆ ನೀರು ಧಾರಾಳವಾಗಿರುವ ಕಾಲದಲ್ಲಿಯೇ ಕಳೆದುಹೋಗುತ್ತವೆ. ಅಕ್ಟೋಬರ್ ನಡುವಿನಲ್ಲಿ ಬಿತ್ತಿದ ಜೀನಿಯಾ ಕ್ರಿಸ್ಮಸ್ಸಿನ ವೇಳೆಗೆ ಅರಳುತ್ತದೆ. ಗಲಾರ್ಡಿಯಾ ಜನವರಿಯ ಉತ್ತರಾರ್ಧಕ್ಕೆ.

ಸ್ಥಳದ ಆಯ್ಕೆಯಲ್ಲಿ ಸ್ವಲ್ಪ ಖಗೋಲಶಾಸ್ತ್ರವೂ ಬೇಕು. ಈ ಹೂಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಮಂಗಳೂರು ಸುಮಾರು 13 ಅಂಶ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿಯೂ ದಕ್ಷಿಣಕ್ಕೆ ವಾಲಿ, ದಿಗಂತದಿಂದ 54 ಅಂಶಗಳಷ್ಟೇ ಮೇಲಿರುತ್ತಾನೆ. ಆಗ 6 ಮೀಟರ್ ಎತ್ತರದ ಮನೆಯ ನೆರಳು ಉತ್ತರಕ್ಕೆ ನಾಲ್ಕು ಮೀಟರಿಗೂ ಹೆಚ್ಚು ದೂರ ಚಾಚುತ್ತದೆ. ಮನೆಯ ಉತ್ತರದ ಗೋಡೆಗೆ ತಾಗಿಸಿ ಬಿತ್ತಿದವರು ಅನಂತರ ಬೀಜವನ್ನು ದೂರುವುದರಲ್ಲಿ ಅರ್ಥವಿಲ್ಲ. ತೆಂಗು ಹಲಸುಗಳ ನೆರಳಿಲ್ಲದ ದಕ್ಷಿಣದ ಅಥವಾ ಪಶ್ಚಿಮದ ಅಂಗಳವೇ ಉತ್ತಮ.

ಮಣ್ಣನ್ನು ಒಂದು ಗೇಣು ಅಗೆದು, ಕೈಹಿಡಿಯಷ್ಟು ಕಪ್ಪೆಚಿಪ್ಪಿನ ಸುಣ್ಣವನ್ನೂ ಒಲೆಬೂದಿಯನ್ನೂ ಬೆರಸಿದರೆ ಮುರಕಲ್ಲು ಮಣ್ಣಿನ ಹುಳಿ ತಗ್ಗುತ್ತದೆ. ಗೊಬ್ಬರವನ್ನು ಮಾತ್ರ ಹೆಚ್ಚು ಹಾಕಬಾರದು. ಸಾರಜನಕ ಅತಿಯಾದರೆ ಗಿಡಗಳು ಎಲೆಯನ್ನು ಮೆರೆಸಿ ಹೂವನ್ನು ಮರೆಯುತ್ತವೆ. ಜೀನಿಯಾ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹೂಳಬೇಕು. ಗಲಾರ್ಡಿಯಾ ಬೀಜ ಮೊಳೆಯಲು ಬೆಳಕು ಸಹಾಯಕವಾದುದರಿಂದ ಅದನ್ನು ಮರಳಿನೊಡನೆ ಬೆರಸಿ ಮೇಲ್ಮೈಗೆ ಒತ್ತಿದರೆ ಸಾಕು. ಸಸಿಗಳ ನಡುವೆ ಒಂದಡಿ ಅಂತರವಿರಲಿ.

ಸಸಿಗಳು ನೆಲೆಗೊಂಡ ಮೇಲೆ ನೀರನ್ನು ಕ್ರಮಕ್ರಮವಾಗಿ ಕಡಮೆ ಮಾಡಬೇಕು. ದಿನವೂ ಮೇಲ್ಮೇಲೆ ಚಿಮುಕಿಸಿದ ನೀರು ಬೇರನ್ನು ಮೇಲೆಯೇ ಉಳಿಸಿ ಗಿಡವನ್ನು ಸೋಮಾರಿಯನ್ನಾಗಿ ಮಾಡುತ್ತದೆ; ವಾರಕ್ಕೊಮ್ಮೆ ಬುಡಕ್ಕೆ ಚೆನ್ನಾಗಿ ಹನಿಸಿದ ನೀರು ಬೇರನ್ನು ಆಳಕ್ಕೆ ಕರೆಯುತ್ತದೆ. ಈ ಮಾತಿಗೆ ಬಾಹ್ಯಾಕಾಶದಿಂದ ಒಂದು ಸಾಕ್ಷ್ಯವುಂಟು. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಳೆಸುತ್ತಿದ್ದ ಜೀನಿಯಾ ಗಿಡಗಳು ತೇವ ಹೆಚ್ಚಾಗಿ ಬೂಷ್ಟು ಹಿಡಿದುವು. ಗಗನಯಾತ್ರಿ ಸ್ಕಾಟ್ ಕೆಲಿ, ಭೂಮಿಯಿಂದ ಬರುವ ವೇಳಾಪಟ್ಟಿಯನ್ನು ಬಿಟ್ಟು, ಗಿಡವನ್ನು ನೋಡಿ ಅಗತ್ಯವಿದ್ದಾಗ ಮಾತ್ರ ನೀರು ಕೊಡುವ ಸ್ವಾತಂತ್ರ್ಯವನ್ನು ಕೇಳಿ ಪಡೆದನು. 2016ರ ಜನವರಿಯಲ್ಲಿ ಹೂವರಳಿತು. ಗಡಿಯಾರವನ್ನು ನೋಡಿ ನೀರೆರೆಯುವವನಿಗಿಂತ ಗಿಡವನ್ನು ನೋಡಿ ನೀರೆರೆಯುವವನು ಒಳ್ಳೆಯ ತೋಟಗಾರನೆಂಬುದು ಆಕಾಶದಲ್ಲಿಯೂ ಸತ್ಯ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಬರವನ್ನು ತಾಳಿ, ಬಡಮಣ್ಣಿನಲ್ಲಿ ಬೆಳೆದು, ಬೀಜವನ್ನು ಚೆಲ್ಲುವ ಗುಣವನ್ನು ನಾನು ಹೊಗಳಿದೆನಲ್ಲವೆ? ಕಳೆಗಳ ಗುಣವೂ ಅದೇ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಪಾರ್ಥೇನಿಯಮ್ ಇದೇ ಕುಟುಂಬದ, ಅಮೆರಿಕ ಖಂಡದ ಏಕವಾರ್ಷಿಕ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸಿ ಕರ್ಣಾಟಕದ ಹೊಲಗಳನ್ನೂ ದಾರಿಬದಿಗಳನ್ನೂ ಆಕ್ರಮಿಸಿತು. ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಕರಾವಳಿಯ ತೋಟಗಳನ್ನು ಮುಸುಕುವ ಮಿಕಾನಿಯಾ ಬಳ್ಳಿಯೂ, ಅಂಗಳದ ಅಂದಕ್ಕೆಂದು ನೆಟ್ಟು ಚರಂಡಿಗಳಿಗೆಲ್ಲ ಹಬ್ಬಿದ ಹಳದಿ ಹೂವಿನ ವೆಡೇಲಿಯಾ ಬಳ್ಳಿಯೂ ಇದೇ ಕುಲದವು. ಆದುದರಿಂದ ತೋಟದ ಡೇಸಿಯನ್ನು ತೋಟದಲ್ಲಿಯೇ ಇರಿಸುವ ಹೊಣೆ ಬೆಳೆಸಿದವನದು. ಒಣಗಿದ ಹೂಗಳನ್ನು ಬೀಜ ಉದುರುವ ಮೊದಲೇ ಕೊಯ್ಯಬೇಕು. ಕಿತ್ತ ಗಿಡಗಳನ್ನು ಬೇಲಿಯಾಚೆಗೆ ಎಸೆಯಬಾರದು. ಕಾಸ್ಮಾಸ್ ಬೀಜಗಳನ್ನು ಮಣ್ಣಿನುಂಡೆಗಳಲ್ಲಿಟ್ಟು ಗುಡ್ಡಗಳ ಮೇಲೆ ಎಸೆದುಬರುವ ಉತ್ಸಾಹವನ್ನಂತೂ ನಾನು ಸ್ಪಷ್ಟವಾಗಿ ವಿರೋಧಿಸುವೆನು. ಬರಡೆಂದು ಕಾಣುವ ಮುರಕಲ್ಲಿನ ಪದವುಗಳು ಖಾಲಿ ನೆಲಗಳಲ್ಲ. ಮಳೆಗಾಲದಲ್ಲಿ ಅಲ್ಲಿ ತುಂಬೆಯೇ ಮೊದಲಾದ ನಮ್ಮವೇ ಏಕವಾರ್ಷಿಕಗಳು ಅರಳುತ್ತವೆ. ಅವುಗಳ ಮನೆಗೆ ಪರದೇಶದ ಅತಿಥಿಯನ್ನು ಕಳುಹಿಸುವ ಅಧಿಕಾರ ನಮಗಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ತೋಟ ಬರಿದಾಗುವುದಲ್ಲ ಎಂದು ಮತ್ತೆ ಕೆಲವರು ಕೇಳುವರು. ಆಗಲಿ. ತರಗೆಲೆಗಳನ್ನು ಹೊದಿಸಿ ನೆಲಕ್ಕೆ ವಿಶ್ರಾಂತಿ ಕೊಡಿರಿ. ಬೇಲಿಯ ಬದಿಯಲ್ಲಿ ಕೇಪುಳದಂಥ ನಮ್ಮ ಪೊದೆಗಳಿದ್ದರೆ ಬೇಸಗೆಯ ಕೆಂಪಿಗೆ ಅಷ್ಟೇ ಸಾಕು. ಗದ್ದೆ ಬೇಸಗೆಯಲ್ಲಿ ಬರಿದಾಗಿರುವುದನ್ನು ನೋಡಿ ಯಾರೂ ರೈತನನ್ನು ಹಳಿಯುವುದಿಲ್ಲ. ಹೂದೋಟ ಮಾತ್ರ ಹನ್ನೆರಡು ತಿಂಗಳೂ ಹಸಿರಾಗಿರಬೇಕೆಂಬುದು ಮಳೆ ಹನ್ನೆರಡು ತಿಂಗಳಿಗೂ ಹಂಚಿಹೋಗಿರುವ ದೇಶಗಳಿಂದ ಎರವಾಗಿ ಬಂದ ಕಲ್ಪನೆ.

ಆ ಬರಿದಾದ ತಿಂಗಳುಗಳಲ್ಲಿ ತೋಟವು ಇರುವುದು ಬಾಟಲಿಯೊಳಗೆ. ಬೀಜವನ್ನು ಕಾಪಾಡುವುದು ಕರಾವಳಿಯಲ್ಲಿ ಸುಲಭದ ಕೆಲಸವಲ್ಲ. ಬೀಜದ ತೇವ ನೂರಕ್ಕೆ ಒಂದು ಪಾಲು ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ, ಶಾಖ 5 ಡಿಗ್ರಿ ಇಳಿದರೂ ಇಮ್ಮಡಿಯಾಗುತ್ತದೆ ಎಂಬುದು ಕ್ಯಾಲಿಫೋರ್ನಿಯದ ಹ್ಯಾರಿಂಗ್ಟನ್ ಹಾಕಿಕೊಟ್ಟ ಸ್ಥೂಲ ನಿಯಮ. ಮುಂಗಾರಿನ ತೇವಗಾಳಿಯಲ್ಲಿ ತೆರೆದಿಟ್ಟ ಬೀಜ ನೀರನ್ನು ಹೀರಿ ಬೂಷ್ಟು ಹಿಡಿಯುವುದು ಇದರಿಂದಲೇ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಭತ್ತದ ಬಿತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇರಿಸುತ್ತಿದ್ದರು. ತರಕಾರಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಅಡಿಗೆಮನೆಯ ಬೆಚ್ಚನೆಯ ಎಡೆಯಲ್ಲಿ ಕಾಪಾಡುತ್ತಿದ್ದರು. ನಾವು ಮಾರ್ಚಿಯ ಬಿಸಿಗಾಳಿಯಲ್ಲಿ ಬೀಜಗಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಗಾಜಿನ ಬಾಟಲಿಯ ತಳದಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ತೇವ ಹೀರಲೆಂದು ಇಟ್ಟು, ಅದರ ಮೇಲೆ ಬೀಜದ ಕಾಗದದ ಪೊಟ್ಟಣಗಳನ್ನಿರಿಸಿ, ಮುಚ್ಚಳವನ್ನು ಮೇಣದಿಂದ ಬಿಗಿದರೆ ಸಾಕು. ಸೆಪ್ಟೆಂಬರಿನಲ್ಲಿ 100 ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿದರೆ ಕಾಪಿಟ್ಟ ಕೆಲಸದ ಫಲ ತಿಳಿಯುತ್ತದೆ.

ಒಂದು ಎಚ್ಚರಿಕೆ: ಅಂಗಡಿಯ ಪೊಟ್ಟಣದ ಮೇಲೆ ಎಫ್-1 ಸಂಕರವೆಂದು ಬರೆದಿದ್ದರೆ ಅದರ ಮರಿಗಳು ತಾಯಿಯನ್ನು ಹೋಲುವುದಿಲ್ಲ. ಸಂಕರ ಬೀಜಗಳ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1965ರಲ್ಲಿ ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ರೈತನಿಗೆ ಅದರಿಂದ ಉಪಕಾರವಾಗಿದೆ. ಆದರೆ ವರ್ಷವರ್ಷವೂ ತನ್ನದೇ ಬೀಜವನ್ನು ಬಿತ್ತಬಯಸುವ ವಿದ್ಯಾರ್ಥಿಗೆ ಸಂಕರವಲ್ಲದ ತಳಿಗಳೇ ತಕ್ಕುವು. ಒಂದು ತೋಟದಲ್ಲಿ ಐದಾರು ತಲೆಮಾರುಗಳ ಕಾಲ, ಕಡಮೆ ನೀರಿನಲ್ಲಿ ಹೆಚ್ಚು ಹೂ ಬಿಟ್ಟ ಗಿಡಗಳಿಂದಲೇ ಬೀಜವನ್ನು ಆರಿಸುತ್ತ ಬಂದರೆ, ಆ ಗಿಡಗಳು ಕ್ರಮೇಣ ಆ ನೆಲಕ್ಕೇ ಒಗ್ಗುತ್ತವೆ. ಡಾರ್ವಿನನ ತತ್ತ್ವವನ್ನು ಪುಸ್ತಕದಲ್ಲಿ ಓದಿದವರು ಅದನ್ನು ತಮ್ಮ ಅಂಗಳದಲ್ಲಿಯೇ ನಡೆಸಿ ನೋಡಬಹುದು.

ಕೊನೆಯದಾಗಿ ಎರಡು ಸಲಹೆಗಳನ್ನು ಮುಂದಿಡುವೆನು. ಕದ್ರಿ ಉದ್ಯಾನದಲ್ಲಿ ಜನವರಿಯ ಸುಮಾರಿಗೆ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಅತಿ ದೊಡ್ಡ ಹೂವನ್ನು ಜನ ಮೆಚ್ಚುತ್ತಾರೆ. ಅತಿ ಕಡಮೆ ನೀರಿನಲ್ಲಿ ಬೆಳೆದ ಹೂವಿಗೂ ಅಲ್ಲೊಂದು ಬಹುಮಾನವಿರಲಿ. ಬೆಳೆದವನು ಎಷ್ಟು ಕೊಡ ನೀರನ್ನು ಎರೆದನೆಂಬ ಲೆಕ್ಕದ ಪುಸ್ತಕವನ್ನು ಹೂವಿನ ಪಕ್ಕದಲ್ಲಿಯೇ ಇಡಲಿ. ಎರಡನೆಯದಾಗಿ, ನಗರದ ಒಂದೊಂದು ಪ್ರೌಢಶಾಲೆಯೂ ಕಾಲೇಜೂ ಮಾರ್ಚಿಯ ಕೊನೆಯಲ್ಲಿ ಬೀಜ ವಿನಿಮಯದ ಒಂದು ಮೇಜನ್ನು ಇರಿಸಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಅಪ್ಪಣೆಯೂ ಬೇಡ. ಬಿಜೈಯ ಹತ್ತು ಅಂಗಳಗಳಲ್ಲಿ 10 ಚದರ ಮೀಟರಿನಷ್ಟು ಹುಲ್ಲು ಹೋಗಿ ಗಲಾರ್ಡಿಯಾ ಬಂದರೆ, ಮೇಲಿನ ಲೆಕ್ಕದಂತೆ ಒಂದು ಬೇಸಗೆಗೆ 60 ಸಾವಿರ ಲೀಟರ್ ನೀರು ಉಳಿಯುತ್ತದೆ. ತುಂಬೆಯ ಅಣೆಕಟ್ಟಿಗೆ ಅದೊಂದು ಹನಿಯಿರಬಹುದು. ಆದರೆ ಸರದಿಯ ದಿನ ಬರಿದಾದ ಕೊಡವನ್ನು ಹಿಡಿದು ನಿಂತ ಮನೆಗೆ ಅದು ಹನಿಯಲ್ಲ.